ಭೀಮೆಯ ನೀರು ಕುಡಿದ ಅಮೇರಿಕಾ ಗಾಡಿ

ನಮ್ಮ ಮನೆಯ ಗಾಡಿಯನ್ನು ಮಾಡಿದ ಅಮೇರಿಕಾದ ಕಂಪನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರಲ್ಲಿ ಹೆಚ್ಚಿನವರು ‘ಅದ್ಯಾವುದಪ್ಪಾ?’ ಅನ್ನುತ್ತಾರೆ. ಉಳಿದವರು ಮೊಬೈಲಿನಲ್ಲಿ ಹುಡುಕಿ, ‘ಅದು ಮುಚ್ಚಿಹೋಗಿದೆಯಂತಲ್ಲ’ ಎಂದು ನನಗೇ ಬಂದು ತಿಳಿಸುತ್ತಾರೆ. ಮುಚ್ಚಿಹೋದದ್ದು ನನಗೆ ಗೊತ್ತಿಲ್ಲವೇ? ನಾನು ಅಫಜಲಪುರದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನು. ಟ್ರ್ಯಾಕ್ಟರಿನ ಫಿಲ್ಟರಿನಿಂದ ಹಿಡಿದು ಬೈಕಿನ ಕ್ಲಚ್ ವೈರಿನವರೆಗೆ ಎಲ್ಲವೂ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿದೆ. ನನ್ನ ಗಾಡಿಗೆ ಬೇಕಾದ ಒಂದು ನಟ್ಟು ಮಾತ್ರ ಇಲ್ಲ.

ಮೊದಲು ಆ ಹೆಸರನ್ನು ಯಾರೋ ಕೊಂಡುಕೊಂಡರು. ಆಮೇಲೆ ಅದೇ ಹೆಸರು ಅಂಟಿಸಿ ತಗಡಿನ ಡಬ್ಬಿಗಳಂಥ ಗಾಡಿಗಳನ್ನು ಮಾರಿದರು. ಕೊನೆಗೆ ಹೆಸರೂ ಭಾರವಾಯಿತೆಂದು ಬಿಸಾಕಿದರು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನಾನು ಅಮೇರಿಕಾದ ಗುಜರಿ ಅಂಗಳಗಳ ವಿಡಿಯೋ ನೋಡುತ್ತೇನೆ. ನಮ್ಮ ಗಾಡಿಯ ಅಣ್ಣತಮ್ಮಂದಿರು ಹುಲ್ಲಿನೊಳಗೆ ಸಾಲಾಗಿ ನಿಂತಿರುತ್ತಾರೆ. ಕಣ್ಣಿಲ್ಲ, ಹಲ್ಲಿಲ್ಲ, ಬಾನೆಟ್ಟಿನೊಳಗಿಂದ ಗಿಡ ಎದ್ದಿರುತ್ತದೆ. ಹೆತ್ತವರೇ ಹೀಗೆ ಕೈಬಿಟ್ಟ ಮೇಲೆ ಅಫಜಲಪುರದಲ್ಲಿ ಕೂತು ನಾನೊಬ್ಬ ಅಳುವುದು ಎಂಥ ಹುಚ್ಚು ಎನ್ನಿಸುತ್ತದೆ. ಎನ್ನಿಸಿದರೂ ಅಳು ಬರುವುದು ನಿಲ್ಲುವುದಿಲ್ಲ.

ಗಾಡಿಯನ್ನು ಮುತ್ಯಾ, ಅಂದರೆ ನಮ್ಮಜ್ಜ, ತಂದದ್ದು ಆಳಂದದಿಂದ. ನಿಜಾಮರ ಆಳ್ವಿಕೆ ಮುಗಿದ ಮೇಲೆ ಅಲ್ಲಿಯ ಒಬ್ಬ ಜಹಗೀರದಾರರು ವಾಡೆಯ ಸಾಮಾನನ್ನು ಒಂದೊಂದಾಗಿ ಮಾರಾಟಕ್ಕಿಟ್ಟರಂತೆ. ಬುದ್ಧಿ ಇದ್ದವರು ಸಾಗವಾನಿ ಬಾಗಿಲು, ತೂಗುಮಂಚ, ತಾಮ್ರದ ಹಂಡೆ ಕೊಂಡರು. ಮುತ್ಯಾ ಗಾಡಿ ಕೊಂಡ. ಎರಡು ಎತ್ತಿನ ಬಂಡಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ, ಬಣ್ಣ ಮೋಡದ ಹಾಗೆ ಬೂದಿ ನೀಲಿ. ಮುಂದಿನ ಸೀಟು ಒಂದೇ ಉದ್ದನೆಯ ಸೋಫಾ, ಹಿಂದಿನದು ಅದಕ್ಕಿಂತ ದೊಡ್ಡದು. ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇತ್ತು, ಬೆರಳ ತುದಿಯಿಂದ ಹಾಕಬಹುದಿತ್ತು. ಇಂಜಿನ್ ಚಾಲೂ ಆದರೆ ಸಪ್ಪಳವೇ ಇಲ್ಲ. ಚಾಲೂ ಆಗಿದೆಯೋ ಇಲ್ಲವೋ ನೋಡಲು ಅಪ್ಪ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ. ಪೆಟ್ರೋಲ್ ಬಂಕಿನವನಂತೂ ನಮ್ಮ ಗಾಡಿ ಕಂಡರೆ ಅಳಿಯ ಬಂದಷ್ಟು ಸಂಭ್ರಮದಿಂದ ಎದ್ದು ಬರುತ್ತಿದ್ದ.

ಕೊಂಡ ದಿನ ಮುತ್ಯಾ ನೇರ ಮನೆಗೆ ಬರದೆ ದೇವಿಗೆ ತೋರಿಸಿಕೊಂಡು ಬರುತ್ತೇನೆಂದು ಘತ್ತರಗಿಗೆ ಹೋದನಂತೆ. ಬಿರು ಬಿಸಿಲು. ಹೊಳೆಯ ದಂಡೆಗೆ ಬರುವಷ್ಟರಲ್ಲಿ ರೇಡಿಯೇಟರಿನ ನೀರು ಕುದಿದು ಗಾಡಿ ನಿಂತುಬಿಟ್ಟಿತು. ಜೊತೆಗಿದ್ದ ಆಯಿ, ನಮ್ಮಜ್ಜಿ, ಹೊಳೆಗಿಳಿದು ಕೊಡದಲ್ಲಿ ಭೀಮೆಯ ನೀರು ತಂದು, ‘ಕುಡೀ ನನ ಕಂದಾ’ ಎಂದು ತಾನೇ ಹೊಯ್ದಳಂತೆ. ಗಾಡಿ ಚಾಲೂ ಆಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನೇಮ ಬಿತ್ತು. ಈ ಗಾಡಿ ಹೊಳೆಯ ನೀರು ಬಿಟ್ಟು ಬೇರೆ ನೀರು ಕುಡಿಯಬಾರದು, ಆ ನೀರನ್ನು ಮನೆಯ ಹೆಣ್ಣುಮಗಳೇ ಹೊಯ್ಯಬೇಕು.

ಆಯಿಯ ನಂತರ ಹೊಯ್ದವಳು ನನ್ನ ಅಕ್ಕ. ಲಂಗ ತೊಡುವ ವಯಸ್ಸಿನಿಂದ ಹೊಯ್ದಳು. ಅಮಾವಾಸ್ಯೆಗೊಮ್ಮೆ ಗಾಡಿ ಘತ್ತರಗಿಗೆ ಹೋಗುತ್ತಿತ್ತು, ಅಕ್ಕ ಹೊಳೆಗೆ ಇಳಿಯುತ್ತಿದ್ದಳು, ನಾವು ನಾಲ್ಕೂ ಗಾಲಿ ತೊಳೆಯುತ್ತಿದ್ದೆವು. ಮುಂದೆ ಅವಳನ್ನು ಹೊಳೆಯಾಚೆ ಜೇವರ್ಗಿಗೆ ಕೊಟ್ಟ ಮೇಲೆ ನೇಮ ಇನ್ನೂ ಗಟ್ಟಿಯಾಯಿತು. ತವರಿಗೆ ಬರುವಾಗಲೂ ಹೋಗುವಾಗಲೂ ಹೊಳೆ ದಾಟಬೇಕಲ್ಲ, ಎರಡು ಸಲವೂ ಗಾಡಿ ನಿಲ್ಲಿಸಿ ನೀರು ಹೊಯ್ಯುತ್ತಿದ್ದಳು. ಮದುವಣಗಿತ್ತಿಯಾಗಿ ಹೋದದ್ದು ಇದೇ ಗಾಡಿಯಲ್ಲಿ, ಎರಡು ಬಾಣಂತನಕ್ಕೆ ಬಂದದ್ದು ಇದೇ ಗಾಡಿಯಲ್ಲಿ. ಅವ್ವ ಹೋದಾಗ ಅಳುತ್ತ ಬಂದವಳು ಆ ದಿನವೂ ಹೊಳೆಯ ಹತ್ತಿರ ಇಳಿದು, ಕಣ್ಣೊರೆಸಿಕೊಂಡು ಒಂದು ಕೊಡ ಹೊಯ್ದೇ ಬಂದಳು.

ಅವಳಿಗೆ ಗಾಡಿ ಓಡಿಸಲೂ ಬರುತ್ತಿತ್ತು. ಮಣ್ಣೂರ ಕಡೆಯ ರಸ್ತೆಯಲ್ಲಿ ಅಪ್ಪ ಯಾರಿಗೂ ಹೇಳದೆ ಕಲಿಸಿದ್ದ. ನನಗಿಂತ ಚೆನ್ನಾಗಿ ಓಡಿಸುತ್ತಿದ್ದಳು, ಇದನ್ನು ಬರೆಯಲು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮದುವೆಯಾದ ಮೇಲೆ ಅವಳ ಕೈಗೆ ಯಾರೂ ಸ್ಟೀರಿಂಗ್ ಕೊಡಲಿಲ್ಲ. ಅವಳೂ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ನಾನು ಗೇರು ಬದಲಿಸುವಾಗ ಕರ್ ಅಂದರೆ ಸಾಕು, ನಾಲಿಗೆಯಲ್ಲಿ ಲೊಚ್ ಅನ್ನುತ್ತಿದ್ದಳು.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು, ಅದು ಕಿಡ್ನಿಗೆ ಇಳಿದು, ವಾರಕ್ಕೆ ಮೂರು ಸಲ ಕಲಬುರಗಿಗೆ ಡಯಾಲಿಸಿಸ್‌ಗೆ ಒಯ್ಯುವ ಹೊತ್ತಿಗೆ ನಮ್ಮ ಗಾಡಿಯೂ ಶೆಡ್ಡು ಸೇರಿತ್ತು. ಒಂದು ದಿನ ವಿಪರೀತ ಬಿಸಿಯಾಗಿ ನಿಂತದ್ದು ಮತ್ತೆ ಚಾಲೂ ಆಗಿರಲಿಲ್ಲ. ಮಾಡಿಸೋಣ, ಮಾಡಿಸೋಣ ಎಂದು ನಾನೂ ಮುಂದೂಡುತ್ತ ಬಂದೆ. ಅಕ್ಕನನ್ನು ದವಾಖಾನೆಗೆ ಒಯ್ಯುತ್ತಿದ್ದದ್ದು ಅವಳ ಗಂಡ, ಅಂದರೆ ಮಾಮಾ. ಅವರದು ಕಬ್ಬಿನ ಬೇಸಾಯ. ಟ್ರ್ಯಾಕ್ಟರಿದೆ, ಎಸಿ ಇರುವ ಹೊಸ ಕಾರೂ ಇದೆ. ನಮ್ಮ ಗಾಡಿಯನ್ನು ಮಾಮಾ ಒಂದು ದಿನವೂ ಗಾಡಿ ಎಂದು ಕರೆದವರಲ್ಲ, ‘ನಿಮ್ಮ ಗುಜರಿ’ ಎಂದೇ ಕರೆಯುತ್ತಿದ್ದರು.

ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಮಾಮಾನ ಫೋನು ಬಂತು. ಅಕ್ಕ ಡಯಾಲಿಸಿಸ್‌ಗೆ ಬರುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾಳೆ, ಒಂದು ಸರದಿ ಆಗಲೇ ತಪ್ಪಿದೆ. ಅವಳ ಹೆಣ್ಣುಮಕ್ಕಳಿಬ್ಬರೂ ಫೋನಿನಲ್ಲಿ ಅತ್ತು ಕರೆದು ಸೋತಿದ್ದಾರೆ. ಎತ್ತಿ ಹಾಕಿಕೊಂಡು ಹೋಗಬಹುದು, ಆದರೆ ಅಲ್ಲಿ ಸೂಜಿ ಚುಚ್ಚಲು ಅವಳು ಕೈ ಕೊಡಬೇಕಲ್ಲ. ಡಾಕ್ಟರರನ್ನು ಕೇಳಿದರೆ, ಹೀಗೇ ಬಿಟ್ಟರೆ ಹೆಚ್ಚೆಂದರೆ ಎರಡು ವಾರ ಎಂದರಂತೆ. ನಾನು ಅಂಗಡಿ ಹಾಗೆಯೇ ಬಿಟ್ಟು ಜೇವರ್ಗಿಗೆ ಓಡಿದೆ.

ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಊದಿತ್ತು, ಪಾದ ಊದಿದ್ದವು. ಪಕ್ಕದಲ್ಲಿ ಒಂದು ಸಣ್ಣ ಲೋಟ, ದಿನಕ್ಕೆ ಅವಳು ಕುಡಿಯಬಹುದಾದ ನೀರೆಲ್ಲ ಅದರೊಳಗೇ ಅಳತೆ. ನಾನು ಬೈದೆ, ಕೈ ಮುಗಿದೆ, ಮತ್ತೆ ಬೈದೆ. ಅವಳು ಎಲ್ಲ ಕೇಳಿಸಿಕೊಂಡು,

‘ನಮ್ಮ ಗಾಡಿ ಎಲ್ಲೈತೋ ತಮ್ಮಾ?’ ಎಂದಳು.

‘ಶೆಡ್ಡಿನಾಗ ಅದ. ಈಗ ಅದರ ಮಾತ್ಯಾಕ?’

‘ಅದನ್ನ ತಾ. ಅದರಾಗ ಕುಂತು ಒಮ್ಮೆ ಮನಿಗಿ ಬರ್ತೇನಿ. ಮನಿಗಿ ಬಂದು ಇಳದ ಮ್ಯಾಲ ನೀ ಹೇಳದಂಗ ಕೇಳ್ತೇನಿ. ಸೂಜಿ ಚುಚ್ಚಸ್ತೀಯೋ, ಚುಚ್ಚಸು.’

‘ಮಾಮಾನ ಗಾಡಿ ಬಾಗಲದಾಗೇ ನಿಂತದಲ್ಲ. ಏಳು, ಈಗ ಹೋಗೂಣು.’

‘ಅದರ ಬಾಗಲಾ ತಗದ್ರ ದವಾಖಾನಿ ವಾಸನಿ ಬರ್ತದ. ಅದರಾಗ ಹತ್ತಿ ಇಳದು, ಹತ್ತಿ ಇಳದು, ನಾ ಬರೇ ರೋಗಿ ಆಗೀನಿ. ತವರಮನಿಗಿ ನಾ ರೋಗಿ ಆಗಿ ಬರೂದಿಲ್ಲ, ಮಗಳಾಗಿ ಬರ್ತೇನಿ.’

ಮಾಮಾ ಹೊರಗೆ ಬಂದು ನನ್ನ ತೋಳು ಹಿಡಿದರು. ಆ ಮನುಷ್ಯ ಹಾಗೆ ಯಾರ ತೋಳನ್ನೂ ಹಿಡಿದದ್ದು ನಾನು ನೋಡಿರಲಿಲ್ಲ. ‘ಆ ಗುಜರಿ ಹ್ಯಾಂಗರ ಮಾಡಿ ಎಬ್ಬಸು ಮಾರಾಯಾ. ನಿನ್ನ ಕಾಲಿಗಿ ಬೀಳ್ತೇನಿ’ ಎಂದರು.

ಮರುದಿನವೇ ಆಳಂದದ ಮಿಸ್ತ್ರಿಯನ್ನು ಕರೆಸಿದೆ. ಈ ಸೀಮೆಯಲ್ಲಿ ಹಳೆಯ ಅಮೇರಿಕಾ ಗಾಡಿಗೆ ಕೈ ಹಚ್ಚುವವರು ಅವರೊಬ್ಬರೇ ಉಳಿದಿರುವುದು. ಮೊದಲು ಆಳಂದದ ಅವರ ಶೆಡ್ಡಿನ ಮುಂದೆ ಇಂಥ ಗಾಡಿಗಳು ಸರದಿಗೆ ನಿಲ್ಲುತ್ತಿದ್ದವು. ಆಮೇಲೆ ಒಬ್ಬೊಬ್ಬರೇ ಮೂಲ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂಡಿಸಿದರು. ಚಳಿಜ್ವರ ಬಂದವರ ಹಾಗೆ ನಡುಗುತ್ತ ಅವು ಒಂದಷ್ಟು ವರ್ಷ ಟ್ರಿಪ್ಪು ಹೊಡೆದು, ಕೊನೆಗೆ ಗುಜರಿಗೆ ತೂಕಕ್ಕೆ ಹೋದವು. ಮಿಸ್ತ್ರಿಯೂ ಈಗ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತಿಕೊಂಡು ಇದ್ದಾರೆ. ಮಹಾ ಸಿಡುಕಿನ ಮನುಷ್ಯ. ಬಂದವರೇ ಚಹಾ ಕೂಡ ಕುಡಿಯದೆ ಇಂಜಿನ್ನಿನ ಹೆಡ್, ಅಂದರೆ ಮೇಲಿನ ಮುಚ್ಚಳ, ಬಿಚ್ಚಲು ಕೂತರು. ನಾನು ಪಕ್ಕದಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತೆ.

ಅಲ್ಲಿಯವರೆಗೆ ನನಗೆ ಆಸೆ ಇತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟಿರಬೇಕು, ಅಷ್ಟೇ ಆಗಿದ್ದರೆ ತಾಮ್ರದ ಹಾಳೆಯಲ್ಲಿ ನಾವೇ ಕತ್ತರಿಸಿಕೊಳ್ಳಬಹುದು, ಹಿಂದೊಮ್ಮೆ ಹಾಗೆಯೇ ಮಾಡಿದ್ದೆವು. ಉಳಿದದ್ದಕ್ಕೆ ಮುಂಬೈಯ ಚೋರ್ ಬಜಾರಿನಲ್ಲಿ ಹುಡುಕಿಸಲು ಒಬ್ಬರಿಗೆ ಫೋನು ಮಾಡಿಯೂ ಇಟ್ಟಿದ್ದೆ. ಮಿಸ್ತ್ರಿ ಹೆಡ್ ಎತ್ತಿ ಪಕ್ಕಕ್ಕಿಟ್ಟರು. ಇಂಜಿನ್ನಿನೊಳಗೆ ನೀರು ಹರಿಯುವ ದಾರಿಗಳೆಲ್ಲ ಬೆಳ್ಳಗೆ ಕಟ್ಟಿಕೊಂಡಿದ್ದವು. ಸ್ನಾನದ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ ಸುಣ್ಣದಂಥ ಪದರ, ಅದೇ, ಬೆರಳು ದಪ್ಪ. ಅದರ ನಡುವೆ ನಡುವೆ ಹೊಳೆಯ ರೇವೆ ಮಣ್ಣಿನ ಕಂದು ಗೆರೆಗಳು. ಮಿಸ್ತ್ರಿ ಸ್ಕ್ರೂಡ್ರೈವರಿನಿಂದ ಒಂದು ಹಳಕು ಎಬ್ಬಿಸಿ ನನ್ನ ಅಂಗೈಗೆ ಹಾಕಿದರು.

‘ಎಂಥಾ ನೀರ ಹಾಕಿದ್ರಿ ಸಾವ್ಕಾರ್ರೆ?’

‘ಹೊಳಿ ನೀರ್ರಿ.’

‘ಕಾಯಂ?’

‘ಕಾಯಂ.’

‘ಬೇಸಿಗಿ, ಮಳಿಗಾಲ, ಪ್ರವಾಹ ಬಂದಾಗ ಸುದ್ಧಾ?’

ನಾನು ಹೌದೆಂದು ತಲೆಯಾಡಿಸಿದೆ. ಮಿಸ್ತ್ರಿಗೆ ಸಿಟ್ಟು ಬಂತು. ‘ನಿಮ್ಮ ಅಪ್ಪಾವ್ರಿಗಿ ಹೇಳಿದ್ದೆ, ಕೂಲಂಟ್ ಹಾಕ್ರಿ, ಕೂಲಂಟ್ ಹಾಕ್ರಿ ಅಂತ. ಹಸರ ಔಷಧ ಹಾಕಿ ನನ್ನ ಗಾಡಿ ಕೊಲ್ತೀ ಏನಲೇ ಅಂತ ನನಗೇ ಬೈದ್ರು. ಈಗ ನೋಡ್ರಿ, ಭಕ್ತಿ ಮಾಡಿ ಮಾಡಿ ಕೊಂದೀರಿ. ಬ್ಲಾಕೇ ಸೀಳ್ಯಾದ. ಇದು ಬಿಮಾರಿ ಅಲ್ರಿ, ಇದು ಖತಂ.’

ಬ್ಲಾಕೆಂದರೆ ಇಂಜಿನ್ನಿನ ಮೈ. ಅದರ ಹೊರಗೋಡೆಯಲ್ಲಿ ಕೂದಲೆಳೆಯಂಥ ಬಿರುಕು, ಗೇಣುದ್ದ. ಬೇರೆ ಬ್ಲಾಕು ತರೋಣವೆಂದರೆ ಮಾಡುವ ಕಂಪನಿಯೇ ಭೂಮಿಯ ಮೇಲಿಲ್ಲ. ಬಂಗಾರದಂಥ ಮೂಲ ಇಂಜಿನ್ ಬಿಚ್ಚಿಟ್ಟು ಡೀಸೆಲ್ ಹಾಕಿಕೊಂಡವರನ್ನು ಜೀವನವಿಡೀ ಹೀಯಾಳಿಸಿದ ನಾನು, ‘ಡೀಸೆಲ್ ಇಂಜಿನ್ನರೆ ಕೂಡಸ್ರಿ, ಜೀಪಿಂದು, ಟ್ರ್ಯಾಕ್ಟರ್‌ದು, ಯಾವುದರ ಆಗಲಿ’ ಎಂದು ಅಂಗಲಾಚಿದೆ. ಕೂಡಿಸಲು ತಿಂಗಳು ಬೇಕು ಎಂದರು ಮಿಸ್ತ್ರಿ. ನನ್ನ ಹತ್ತಿರ ತಿಂಗಳು ಎಲ್ಲಿತ್ತು? ಅವತ್ತು ಸಂಜೆಗೆ ಅಕ್ಕನ ಎರಡನೆಯ ಸರದಿಯೂ ತಪ್ಪಿತ್ತು.

ಬಿರುಕನ್ನು ಬೆಸೆಯೋಣ ಎಂದೆ. ಬೀಡು ಕಬ್ಬಿಣ, ಬೆಸೆದರೆ ನಿಲ್ಲುವುದಿಲ್ಲ ಎಂದರು. ನಿಲ್ಲುವುದು ಬೇಡ, ಜೇವರ್ಗಿಗೆ ಹೋಗಿ ಬರುವಷ್ಟು ಹೊತ್ತು ಹಿಡಿದರೆ ಸಾಕು ಎಂದೆ. ಮರುದಿನ ಬೆಳಗ್ಗೆ ನಮ್ಮ ಓಣಿಯ ವೆಲ್ಡಿಂಗಿನವ ಬಂದ. ಬ್ಲಾಕನ್ನು ಗಾಡಿಯಿಂದ ಕೆಳಗಿಳಿಸಿ, ಸುತ್ತ ಕೆಂಡ ಒಟ್ಟಿ ನಿಧಾನಕ್ಕೆ ಕಾಯಿಸಿ, ಒಂದೊಂದು ಹನಿಯಾಗಿ ಬೆಸುಗೆ ಹಾಕಿದರು. ಬಿಸಿಲಿಗೆ ಕೆಂಡವೂ ಸೇರಿ ಶೆಡ್ಡಿನೊಳಗೆ ನಿಲ್ಲಲಾಗುತ್ತಿರಲಿಲ್ಲ. ಆದರೂ ನಾನು ಹೊರಗೆ ಹೋಗಲಿಲ್ಲ. ಬೆಸುಗೆ ಚೆನ್ನಾಗಿಯೇ ಕೂತಿತು. ಮೇಲೆ ಬೂದಿ ಮುಚ್ಚಿ ಆರಲು ಬಿಟ್ಟೆವು. ಮಿಸ್ತ್ರಿ ಮೊದಲ ಸಲ ಚಹಾ ಕೇಳಿದರು. ನನ್ನ ಹೆಂಡತಿ ಚಹಾ ತಂದು ಕೊಟ್ಟು ಒಳಗೆ ತಿರುಗುವಷ್ಟರಲ್ಲಿ ಬೂದಿಯೊಳಗಿಂದ ‘ಟಣ್’ ಎಂದಿತು. ನಾವ್ಯಾರೂ ಎದ್ದು ನೋಡಲಿಲ್ಲ. ನೋಡಿದಾಗ, ಗೇಣುದ್ದ ಇದ್ದ ಬಿರುಕು ಆ ತುದಿಯಿಂದ ಈ ತುದಿಯವರೆಗೆ ಹೋಗಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಗಾಡಿ ಹೋಯಿತಲ್ಲ ಎಂದು ಅಳುತ್ತಿದ್ದೇನೋ, ಅಕ್ಕ ಹೋಗುತ್ತಾಳಲ್ಲ ಎಂದು ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಎದೆಯೊಳಗೆ ಎರಡೂ ಒಂದೇ ಆಗಿದ್ದವು. ಮಿಸ್ತ್ರಿ ಬ್ಲಾಕನ್ನು ಮತ್ತೆ ಗಾಡಿಯೊಳಗೆ ಕೂಡಿಸಿ, ಹೆಡ್ಡನ್ನು ಮೇಲಿಟ್ಟು ನಟ್ಟು ಬಿಗಿದು, ಬಾನೆಟ್ಟು ಮುಚ್ಚಿ, ಕೈ ಒರೆಸಿಕೊಂಡು ಹೊರಟರು. ಹೋಗುವಾಗ, ‘ಮೈ ಬರಾಬರ್ ಅದ ನೋಡ್ರಿ. ಗಾಲಿ, ಸ್ಟೀರಿಂಗ್, ಬ್ರೇಕು ಎಲ್ಲಾ ಛಲೋ ಅದಾವು. ಜೀವ ಒಂದೇ ಇಲ್ಲ’ ಎಂದರು. ಸಮಾಧಾನ ಹೇಳುವ ರೀತಿ ಅವರಿಗೆ ಅಷ್ಟೇ ಗೊತ್ತಿತ್ತು.

ಮಾಮಾಗೆ ಫೋನಿನಲ್ಲಿ ಎಲ್ಲ ಹೇಳಿದೆ, ಹೊಳೆಯ ನೀರಿನ ವಿಷಯವನ್ನೂ. ಅವರು, ‘ಗಾಲಿ ತಿರುಗ್ತಾವಲ್ಲ?’ ಎಂದು ಕೇಳಿದರು. ತಿರುಗುತ್ತವೆ ಎಂದೆ. ‘ಹಂಗಾರ ನಾ ಟ್ರ್ಯಾಕ್ಟರ್ ತರ್ತೇನಿ’ ಎಂದರು.

ಅವರು ಸಂಜೆ ಟ್ರ್ಯಾಕ್ಟರ್ ತಂದರು. ಹಗ್ಗದ ಬದಲು ಕಬ್ಬಿಣದ ರಾಡು ಕಟ್ಟಿದೆವು. ಬೆಳಕು ಹರಿಯುತ್ತಲೇ ಹೊರಟೆವು. ಮುಂದೆ ಮಾಮಾ ಟ್ರ್ಯಾಕ್ಟರಿನ ಮೇಲೆ, ಹಿಂದೆ ನಾನು ಸತ್ತ ಗಾಡಿಯ ಸ್ಟೀರಿಂಗ್ ಹಿಡಿದು. ಈಗಿನ ಗಾಡಿಗಳು ಇಂಜಿನ್ ಬಂದಾದರೆ ಬ್ರೇಕನ್ನೂ ಕಲ್ಲು ಮಾಡಿಕೊಂಡು ಕೂರುತ್ತವೆ. ಇದರ ಬ್ರೇಕಿಗೆ ಇಂಜಿನ್ನಿನ ಹಂಗಿಲ್ಲ, ಕಾಲಿನ ಬಲ ಸಾಕು. ಅಮೇರಿಕಾದವರು ಒಂದು ಕಾಲದಲ್ಲಿ ಎಷ್ಟು ಛಲೋ ಕೆಲಸ ಮಾಡುತ್ತಿದ್ದರು ಎಂದು ಆ ಸ್ಥಿತಿಯಲ್ಲೂ ನನಗೆ ಅಭಿಮಾನ ಉಕ್ಕಿತು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಒಬ್ಬ, ‘ತೂಕಕ್ಕ ಹಾಕಾಕ ಒಯ್ದೀರೇನ್ರಿ?’ ಎಂದು ಕೂಗಿ ಕೇಳಿದ. ಇಳಿದು ಹೊಡೆಯಬೇಕೆನ್ನಿಸಿತು, ಆದರೆ ಮಾಮಾ ಟ್ರ್ಯಾಕ್ಟರ್ ನಿಲ್ಲಿಸಲಿಲ್ಲ.

ಜೇವರ್ಗಿಯಲ್ಲಿ ಅಕ್ಕ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ನಡೆದರೆ ಉಸಿರು ಹತ್ತುತ್ತಿತ್ತು. ಕೈ ಹಿಡಿದು ತಂದೆವು. ಗಾಡಿ ಟ್ರ್ಯಾಕ್ಟರಿಗೆ ಕಟ್ಟಿದ್ದನ್ನು ನೋಡಿದಳು. ಈ ಮೋಸ ಒಪ್ಪುವುದಿಲ್ಲ ಎನ್ನುತ್ತಾಳೇನೋ ಎಂದು ನಾನು ಕಾದೆ. ಅವಳು ಬಾಗಿಲಿನ ಹಿಡಿಕೆಯನ್ನು ತಾನೇ ತಿರುಗಿಸಿ, ಹಿಂದಿನ ಸೀಟಿನಲ್ಲಿ ಬಲಗಡೆ ತನ್ನ ಜಾಗದಲ್ಲಿ ಕೂತು, ಬಾಗಿಲು ಎಳೆದುಕೊಂಡಳು. ಆ ಬಾಗಿಲಿನದು ದಪ್ಪ ಸದ್ದು. ‘ಇದು ನೋಡು ಬಾಗಲಾ’ ಎಂದಳು ಗಂಡನಿಗೆ. ಎಷ್ಟೋ ತಿಂಗಳ ನಂತರ ಅವಳು ನಕ್ಕದ್ದನ್ನು ನಾನು ಕಂಡೆ.

ಹೊಳೆಯ ಹತ್ತಿರ ಬಂದಾಗ ನಿಲ್ಲಿಸಲು ಹೇಳಿದಳು. ನಾನು ಹಾರ್ನ್ ಹೊಡೆದೆ. ಮಾಮಾ ಇಳಿದು ಬಂದರು.

‘ನೀರ ತಾ ತಮ್ಮಾ’ ಎಂದಳು.

‘ಅಕ್ಕಾ, ಇಂಜಿನ್ನೇ ಚಾಲೂ ಇಲ್ಲ, ನೀರ ಯಾತಕ್ಕ?’

‘ತಾ ಅಂದ್ರ ತಾ.’

ಮಾಮಾಗೆ ತಡೆಯಲಾಗಲಿಲ್ಲ. ಬೆಳಗಿನಿಂದ ಬಿಸಿಲಲ್ಲಿ ಟ್ರ್ಯಾಕ್ಟರ್ ಓಡಿಸಿ ಅವರ ಮುಖ ಕಪ್ಪಿಟ್ಟಿತ್ತು. ‘ಈ ನೀರೇ ಬೇ ಅದನ್ನ ಕೊಂದಿದ್ದು! ಮಿಸ್ತ್ರಿ ಬಿಚ್ಚಿ ತೋರ್ಸ್ಯಾನ. ನೀವು ಹೊಯ್ದ ನೀರೇ ಒಳಗ ಕಲ್ಲಾಗಿ ಕುಂತದ’ ಎಂದುಬಿಟ್ಟರು.

ನಾನು ಅಕ್ಕನ ಮುಖ ನೋಡಲಾರದೆ ಹೊಳೆಯ ಕಡೆ ತಿರುಗಿದೆ. ಅವಳು ತನ್ನ ಊದಿದ ಅಂಗೈಗಳನ್ನೇ ತಿರುವಿ ತಿರುವಿ ನೋಡಿಕೊಂಡಳಂತೆ, ಮಾಮಾ ಆಮೇಲೆ ಹೇಳಿದರು. ಹಿಂದಿನಿಂದ ಅವಳ ದನಿ ಕೇಳಿಸಿತು.

‘ನನಗೂ ನೀರೇ ಬ್ಯಾಡ ಅಂತಾರ. ಬ್ಯಾಡ ಅಂದ್ರ ನೀರಡಿಕಿ ಹೋಗ್ತದೇನು?’

ನಾನು ಹೊಳೆಗಿಳಿದು ಕೊಡ ತುಂಬಿ ತಂದೆ. ಬಾನೆಟ್ಟು ಎತ್ತಿ, ರೇಡಿಯೇಟರಿನ ಮುಚ್ಚಳ ಬಿಚ್ಚಿ, ಅಕ್ಕನನ್ನು ಹಿಡಿದುಕೊಂಡು ಬಂದೆವು. ಕೊಡದ ಭಾರ ನಾನು ಹಿಡಿದೆ, ಅವಳು ಕೈ ಹಚ್ಚಿದಳು. ನೀರು ಗಳಗಳ ಎಂದು ಒಳಗೆ ಹೋಯಿತು. ಹೋದ ಹಾಗೆಯೇ ಬಿರುಕಿನಿಂದ ಹೊರಬಿದ್ದು, ಮುಂದಿನ ಗಾಲಿಗಳ ನಡುವೆ ಹರಿದು ರಸ್ತೆಯ ಮೇಲೆ ಹರಡಿತು. ಅಕ್ಕ ಅದನ್ನು ನೋಡಿದಳು. ಕೊಡ ಖಾಲಿಯಾಗುವವರೆಗೆ ಹೊಯ್ದಳು. ಆಮೇಲೆ ಒದ್ದೆ ಕೈಯನ್ನು ತುಟಿಗೆ ಒತ್ತಿಕೊಂಡಳು. ಅವಳು ಆ ದಿನದ ಲೋಟದ ನೀರನ್ನು ಬೆಳಗ್ಗೆಯೇ ಕುಡಿದು ಮುಗಿಸಿದ್ದಳು.

ಹೊತ್ತು ಮುಳುಗುವ ಮೊದಲು ಅಫಜಲಪುರದ ಮನೆಯ ಅಂಗಳಕ್ಕೆ ಬಂದೆವು. ನನ್ನ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನಾನು ಆಗಲೇ ಕಲಬುರಗಿಗೆ ಫೋನು ಮಾಡಿ ಬೆಳಗ್ಗೆಯ ಡಯಾಲಿಸಿಸ್‌ಗೆ ಜಾಗ ಹಿಡಿದು, ಆ್ಯಂಬುಲೆನ್ಸಿಗೂ ಹೇಳಿಟ್ಟಿದ್ದೆ. ಗೆದ್ದೆವು ಎಂಬ ಭಾವ ನನ್ನದು. ಬಾಗಿಲು ತೆಗೆದು, ‘ಇಳಿ ಅಕ್ಕಾ, ಮನಿ ಬಂತು’ ಎಂದೆ.

ಅಕ್ಕ ಮನೆಯನ್ನು ಕಣ್ಣು ತುಂಬ ನೋಡಿದಳು. ಆಮೇಲೆ ನನ್ನ ಕೈಯಿಂದ ಬಾಗಿಲು ಬಿಡಿಸಿಕೊಂಡು ಎಳೆದುಕೊಂಡಳು.

‘ಇಳದ ಮ್ಯಾಲ ನೀ ಹೇಳದಂಗ ಕೇಳ್ತೇನಿ ಅಂದೀನಿ ಹೌದಲ್ಲೋ? ನಾ ಇನ್ನೂ ಇಳದಿಲ್ಲ’ ಎಂದಳು.

ಆಗ ನನಗೆ ಅರ್ಥವಾಯಿತು. ಅವಳು ಮೊದಲಿನಿಂದಲೂ ಡಯಾಲಿಸಿಸ್‌ಗೆ ಬರುವವಳೇ ಆಗಿರಲಿಲ್ಲ. ಕೂಗಾಡಿದೆ. ನಿನಗಾಗಿ ಗಾಡಿಯ ಬ್ಲಾಕಿಗೆ ಕೆಂಡ ಹಾಕಿದೆನಲ್ಲೇ, ಊರ ಮುಂದೆ ಮರ್ಯಾದೆ ಬಿಟ್ಟು ಎಳೆದು ತಂದೆವಲ್ಲೇ ಎಂದು ಬಾಯಿಗೆ ಬಂದದ್ದು ಅಂದೆ. ಅವಳು ಕಿ‌ಟಕಿಯ ಗಾಜು ಇಳಿಸಿ, ‘ಛಲೋ ತಂದ್ರಿ. ಒಂದು ಕುಲುಕಾಟ ಇಲ್ಲ’ ಎಂದು ಮೆಚ್ಚಿಕೊಂಡಳು. ಹೆಂಡತಿ ಆರತಿಯನ್ನು ಕಿಟಕಿಯಲ್ಲೇ ಬೆಳಗಿದಳು. ಊಟವನ್ನೂ ಅಲ್ಲೇ ಕೊಟ್ಟಳು. ಅಕ್ಕ ಎರಡು ತುತ್ತು ತಿಂದು, ಸೀಟಿಗೆ ಒರಗಿ ನಿದ್ದೆ ಹೋದಳು. ಮಾಮಾ ಟ್ರ್ಯಾಕ್ಟರಿನ ಗಾಲಿಗೆ ಆತು ಅಂಗಳದಲ್ಲೇ ಕೂತರು. ಅವರು ನನ್ನ ಹಾಗೆ ಕೂಗಾಡಲಿಲ್ಲ. ‘ನನಗ ಹಾದ್ಯಾಗೇ ತಿಳೀತು’ ಎಂದಷ್ಟೇ ಹೇಳಿದರು.

ಬೆಳಗ್ಗೆ ಆ್ಯಂಬುಲೆನ್ಸ್ ಬಂದು ಗೇಟಿನ ಬಾಯಲ್ಲೇ ನಿಂತು ಹಾರ್ನ್ ಹೊಡೆಯಿತು. ಅಕ್ಕನ ಉಸಿರು ರಾತ್ರಿಗಿಂತ ಭಾರವಾಗಿತ್ತು, ಆದರೆ ಕಣ್ಣು ಚುರುಕಾಗಿದ್ದವು. ನಾನು ಕಿಟಕಿಗೆ ಹೋಗಿ ಅವಳ ಕೈ ಹಿಡಿದು ಬೇಡಿಕೊಂಡೆ. ಈ ಒಂದು ಸಲ, ನನ್ನ ಸಲುವಾಗಿ, ಎಂದೆ. ಅವಳು ನನ್ನ ಕೈಯನ್ನು ಬಿಡದೆಯೇ ಗೇಟಿನ ಕಡೆ ನೋಡಿದಳು.

‘ಅವನಿಗಿ ಹೇಳು, ಹಾದಿ ಬಿಡು ಅಂತ. ನಮ್ಮ ಗಾಡಿ ಹೊಂಟದ’ ಎಂದಳು.

ನಾನು ಮಾಮಾನ ಮುಖ ನೋಡಿದೆ. ಅವರಾದರೂ ಬೈಯಲಿ, ಎತ್ತಿಕೊಳ್ಳಲಿ, ಏನಾದರೂ ಮಾಡಲಿ ಎಂದು ನೋಡಿದೆ. ಮಾಮಾ ಎದ್ದು ಪಂಚೆ ಕೊಡವಿ, ರಾಡಿನ ಬೋಲ್ಟನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಟ್ರ್ಯಾಕ್ಟರ್ ಹತ್ತಿದರು. ನಾನು ಗೇಟಿಗೆ ಹೋಗಿ ಆ್ಯಂಬುಲೆನ್ಸಿನವನಿಗೆ ಗಾಡಿ ಹಿಂದಕ್ಕೆ ತೆಗೆಯಪ್ಪಾ ಎಂದೆ. ಪೇಷಂಟ್ ಎಲ್ಲಿ ಎಂದು ಅವನು ಕೇಳಿದ. ಇಲ್ಲಿ ಪೇಷಂಟ್ ಯಾರೂ ಇಲ್ಲ ಎಂದೆ. ಹಾಗೆಂದು ಹೇಳುವಾಗ ನಾನು ಅಳುತ್ತಿದ್ದೆ, ಅವನು ಏನು ತಿಳಿದುಕೊಂಡನೋ ಗೊತ್ತಿಲ್ಲ.

ಆ ದಿನ ನಾವು ಎಲ್ಲಿಗೆಂದು ಹೋಗಲಿಲ್ಲ. ತೊಗರಿ ಕೊಯ್ದ ಹೊಲಗಳ ನಡುವೆ, ಕಬ್ಬಿನ ಗದ್ದೆಗಳ ಪಕ್ಕ, ಗೊಬ್ಬೂರಿನ ಕಡೆ ಒಂದಷ್ಟು ದೂರ ಹೋದೆವು. ಬೇವಿನ ಮರ ಕಂಡಲ್ಲಿ ನಿಂತೆವು. ಅಕ್ಕ ಒಂದು ಸಲ ಸಾವಕಾಶ ಹೋಗಲು ಹೇಳಿದಳು, ಒಂದು ಸಲ ಕಿಟಕಿಯ ಗಾಜು ಪೂರ್ತಿ ಇಳಿಸಲು ಹೇಳಿದಳು. ಆಮೇಲೆ ಸುಮ್ಮನಾದಳು. ನಿದ್ದೆ ಹತ್ತಿರಬೇಕೆಂದು ನಾನು ಕನ್ನಡಿಯಲ್ಲಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ ಎಂದರೂ ಸರಿ. ಸಂಜೆ ಅಂಗಳಕ್ಕೆ ಬಂದು ನಿಂತಾಗ ಅಕ್ಕ ತಾನಾಗಿ ಇಳಿಯಲಿಲ್ಲ. ಕೈ ಮುಟ್ಟಿದೆ, ತಣ್ಣಗಾಗಿತ್ತು. ಮಾಮಾ ಒಂದು ಕಡೆ, ನಾನು ಒಂದು ಕಡೆ ಹಿಡಿದು, ಕೂತಿದ್ದ ಹಾಗೆಯೇ ಎತ್ತಿ ಇಳಿಸಿಕೊಂಡೆವು.